ಗಜಾಲಾಳ ಕಾಲುನೋವು

ಮಾರ್ಚ್ 4, ಶನಿವಾರ

ಕುದುರೆ ಗಜಾಲಾ ಮತ್ತೆ ನಿಂತಳು. ಮೊದಲ ತಿರುವಿನಲ್ಲೇ. ನಮ್ಮ ಲಾಯದ ಮುದುಕ, ಎಲ್ಲರೂ 'ಬಾ' (ಅಪ್ಪ) ಎಂದು ಕರೆಯುವ ಬಾ ಅಲ್ಲಾಲ್, ಹಗ್ಗ ಎಳೆದ, ಮುದ್ದು ಮಾಡಿದ, ಬೈದ. ಗಜಾಲಾ ಕದಲಲಿಲ್ಲ. ಮೇಲೆ ಕೂತ ಹೈಥಮ್‌ಗೆ ಖುಷಿಯೋ ಖುಷಿ.

"ಅವಳಿಗೆ ಎಡಗಾಲು ನೋವು ತಾತಾ. ನನ್ಹತ್ರ ಹೇಳಿದ್ಲು."

"ನಿನ್ಹತ್ರ ಮಾತ್ರ ಹೇಳ್ತಾಳಾ? ಹುಲ್ಲು ಹಾಕೋನು ನಾನು!"

"ನೀನು ಬೈತೀಯಲ್ಲ, ಅದಕ್ಕೆ."

ಒಂಬತ್ತು ವರ್ಷದ ಪೋರ. ಸ್ನಾಯು ಸವೆಯುವ ರೋಗ. ನಾಲಿಗೆ ಮಾತ್ರ ಸವೆದಿಲ್ಲ. ಒಂದು ಪಕ್ಕ ಸವಾರಿ-ಚಿಕಿತ್ಸೆ ಕೊಡಿಸುವ ನಾನು, ಇನ್ನೊಂದು ಪಕ್ಕ ಅವನಮ್ಮ ನೆಜಾ, ತೊಡೆ ಹಿಡಿದು ನಡೆಯುತ್ತೇವೆ. ಕುದುರೆ ಹತ್ತಿ ಹತ್ತಿಯೇ ಮಗನಿಗೆ ನಡಿಗೆ ಬರುತ್ತದೆ ಎಂದು ಅವಳ ನಂಬಿಕೆ.

ಮಾರ್ಚ್ 11

ಲಾಳ ಬಿಚ್ಚಿಸಿ ಹೊಸದು ಹೊಡೆಸಿದೆ. ಗೊರಸು ಕೆರೆದು ನೋಡಿದ್ದಾಯಿತು. ಮೆಕ್ನೆಸ್ ಪಟ್ಟಣದಿಂದ ಬಂದ ಪಶುವೈದ್ಯರು ಓಡಿಸಿ ನೋಡಿ, ಏನೂ ಸಿಗದೆ ಒಂದು ಮುಲಾಮು ಕೊಟ್ಟು ಹೋದರು. ಸಂಜೆ ಹೈಥಮ್‌ನನ್ನು ಕೂರಿಸಿದರೆ ಮತ್ತೆ ಅದೇ. ನಾಲ್ಕು ಹೆಜ್ಜೆ, ನಿಲುಗಡೆ. ರೇಗಿಹೋಯಿತು.

ಮಾರ್ಚ್ 15, ಬುಧವಾರ

ಚಿಕಿತ್ಸೆಗೆ ಬರುವ ಇನ್ನೊಂದು ಮಗು, ಪುಟ್ಟ ರೀಮ್‌ಳನ್ನು ಕೂರಿಸಿದೆ. ಗಜಾಲಾ ಸುತ್ತಿದ್ದೇ ಸುತ್ತಿದ್ದು. ಒಮ್ಮೆಯೂ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ನಾನೇ ಹತ್ತಿದೆ. ನೆಟ್ಟಗೆ ಕೂತೆ, ನಡೆದಳು. ಎಡಕ್ಕೆ ವಾಲಿದೆ... ನಿಂತಳು.

ನಾನೇ ಕಲಿಸಿದ್ದು ಅದು. ಸವಾರ ವಾಲಿದರೆ ನಿಲ್ಲಬೇಕು, ಮಗು ಬೀಳಬಾರದು. ಕುದುರೆಗೆ ಏನೂ ಆಗಿಲ್ಲ. ಹೈಥಮ್ ವಾಲುತ್ತಿದ್ದಾನೆ. ಅವನ ತೊಡೆ ಹಿಡಿದು ನಡೆಯುತ್ತಲೇ ನಾನು ಕುದುರೆಯ ಗೊರಸು ನೋಡುತ್ತಿದ್ದೆ. ನಮ್ಮಂಥ ಕುದುರೆ ಜನರ ಬುದ್ಧಿಯೇ ಇಷ್ಟು.

ಮಾರ್ಚ್ 18

ಹೈಥಮ್‌ನನ್ನು ಪರೀಕ್ಷಿಸಿದೆ. ಹೆಲ್ಮೆಟ್ ಹಾಕಿದರೆ ತಲೆ ಮುಂದಕ್ಕೆ ಬೀಳುತ್ತದೆ. ತಲೆ ನಿಲ್ಲದ ಮಕ್ಕಳನ್ನು ಹತ್ತಿಸುವ ಹಾಗಿಲ್ಲ. ಲಾಯದ ಹಿಂದೆ ಕರೆದೊಯ್ದು ನೆಜಾಗೆ ಹೇಳಿದೆ. ಈ ರೋಗ ಹಿಂದಕ್ಕೆ ಹೋಗುವುದಿಲ್ಲ ಎಂದೂ ಹೇಳಿದೆ.

"ಮುಂದಿನ ವರ್ಷ ನಡೀತಾನೆ ಅಂದ್ಕೊಂಡಿದ್ದೆ, ಲಲ್ಲಾ ಬತೂಲ್," ಎಂದಳು ನನಗೆ.

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅವನಿಗೆ ಹೇಳ್ಬೇಡಿ. ಕುದುರೆಗೇ ಹುಷಾರಿಲ್ಲ ಅಂದ್ಬಿಡಿ. ಅವನೂ ಅದನ್ನೇ ಹೇಳ್ತಿದ್ನಲ್ಲ."

ಒಪ್ಪಿಕೊಂಡೆ.

ಏಪ್ರಿಲ್ 1

ರಂಜಾನ್, ಉಪವಾಸದ ತಿಂಗಳು. ಬಾಯಿ ಒಣಗಿ ಎಲ್ಲರಿಗೂ ಸಿಡುಕು. ಗಜಾಲಾಳ ಎಡಗಾಲಿಗೆ ಪಟ್ಟಿ ಕಟ್ಟಿಸಿದೆ. ಬಾ ಅಲ್ಲಾಲ್ ಗೊಣಗಿದ್ದೇ ಗೊಣಗಿದ್ದು.

"ಗಟ್ಟಿಮುಟ್ಟಾದ ಪ್ರಾಣಿಗೆ ಪಟ್ಟಿ! ಉಪವಾಸ ಇಟ್ಕೊಂಡು ಸುಳ್ಳು ಬೇರೆ!"

"ಪಾಪ ನಂಗಿರ್ಲಿ. ನೀನು ಕಟ್ಟು."

ಹೈಥಮ್ ಗಾಲಿಕುರ್ಚಿಯಿಂದಲೇ ಅವಳಿಗೆ ಖರ್ಜೂರ ತಿನ್ನಿಸಿದ. "ಬೇಗ ವಾಸಿ ಮಾಡ್ಕೊಳ್ಳೇ, ಸೋಮಾರಿ."

ನಂಬಿದ. ನಿರಾಳವಾಯಿತು — ನಾಚಿಕೆಯೂ ಆಯಿತು.

ಏಪ್ರಿಲ್ 29

ಹಬ್ಬ ಕಳೆದ ಮೇಲೆ ಹೈಥಮ್ ಇವತ್ತೇ ಬಂದದ್ದು. ತಲೆ ನಿಲ್ಲಲೆಂದು ಕತ್ತಿಗೆ ಪಟ್ಟಾ ಹಾಕಿದ್ದಾರೆ. ದನಿ ಸಣ್ಣಗಾಗಿದೆ. ಅವರು ಬರುತ್ತಾರೆಂದು ಗೊತ್ತಿರಲಿಲ್ಲ, ಗೇಟಿನಲ್ಲಿ ಕಂಡದ್ದೇ ಓಡಿಹೋಗಿ ಪಟ್ಟಿ ಸುತ್ತಿದೆ.

ಹೈಥಮ್ ಬಹಳ ಹೊತ್ತು ನೋಡಿದ. "ಎಡಗಾಲಲ್ವಾ ನೋವು?" ಮೆಲ್ಲಗೆ ಕೇಳಿದ.

ಬಗ್ಗಿ ನೋಡಿದೆ. ಬಲಗಾಲಿಗೆ ಕಟ್ಟಿದ್ದೆ.

ನೆಜಾ ಕ್ಯಾರೆಟ್ ಚೀಲ ಹಿಡಿದು ಬರುತ್ತಿದ್ದಳು. ಹುಡುಗ ನನ್ನನ್ನು ನೋಡಿದ, ಅವಳನ್ನು ನೋಡಿದ. ಇದ್ದಷ್ಟು ದನಿ ಎತ್ತಿ ಕೂಗಿದ:

"ಅಮ್ಮಾ, ಈಗ ಈ ಕಾಲಿಗೂ ಬಂದಿದೆಯಂತೆ. ತುಂಬಾ ದಿನ ಹಿಡಿಯತ್ತೆ."

"ಹಿಡೀಲಿ ಮಗನೇ. ಕಾಯೋಣ."

"ಹೂಂ. ಕಾಯೋಣ."

ಅವಳು ಕ್ಯಾರೆಟ್ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ನನಗೆ ಹೇಳಿದ: "ಮುಂದಿನ ವಾರ ಎರಡಕ್ಕೂ ಕಟ್ಟಿ. ನಂಗೆ ಗೊತ್ತು ಅಂತ ಅಮ್ಮಂಗೆ ಗೊತ್ತಾಗ್ಬಾರ್ದು."

ಮೇ 6, ಬೆಳಿಗ್ಗೆ

ಎರಡು ಕಾಲಿಗೂ ಕಟ್ಟಿ ನಿಲ್ಲಿಸಿದ್ದೇವೆ. ಅವರಿನ್ನೂ ಬಂದಿಲ್ಲ. ನೆಜಾ ಫೋನ್ ಎತ್ತುತ್ತಿಲ್ಲ. ಬಿಸಿಲೇರಿತು, ಬಿಚ್ಚಿಬಿಡ್ಲಾ ಎಂದು ಬಾ ಅಲ್ಲಾಲ್ ಕೇಳುತ್ತಿದ್ದಾನೆ. ಬೇಡ. ಇನ್ನೂ ಸ್ವಲ್ಪ ಹೊತ್ತು ಕಾಯೋಣ.