ಅರಿಶಿನಕ್ಕೆ ಕರಗಿದ ಹೆಸರು

ಗುಬ್ಬಿ,
18-2-2004

ಪ್ರೀತಿಯ ಭೂಮಿಕಾ,

ಹೇಗಿದೀಯವ್ವಾ? ಉಪ್ಪಾರಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತಿದೀಯಂತೆ, ಊಟಾನೂ ಸರಿಯಾಗಿ ಮಾಡ್ತಿಲ್ಲವಂತೆ. ಮೊದಲು ಒಂದು ಮುದ್ದೆ ಉಂಡು ಆಮೇಲೆ ಈ ಕಾಗದ ಓದು. ಇಲ್ಲಿ ನಿಮ್ಮಮ್ಮ ಚೆನ್ನಾಗಿದಾಳೆ. ಒಡಹುಟ್ಟಿದ ತಮ್ಮ ಅನ್ನೋದನ್ನೂ ಮರೆತು ಹೊತ್ತುಹೊತ್ತಿಗೆ ನನ್ನ ಬೈಯೋ ಅಷ್ಟು ಚೆನ್ನಾಗಿದಾಳೆ.

ಬೈಯಲಿ. ನಿನ್ನ ಲಗ್ನಪತ್ರಿಕೆ ಮನೆಯಲ್ಲೇ ಪ್ರಿಂಟ್ ತೆಗೆದದ್ದು ತಪ್ಪು ಅಂತ ನಾನು ಒಪ್ಪೋನಲ್ಲ. ನಮ್ಮ ಬೀದಿಯಲ್ಲಿ ಪ್ರಿಂಟರ್ ಇಟ್ಟಿರೋ ಗಂಡು ಇನ್ಯಾರಿದಾನೆ ಹೇಳು? ಹಳ್ಳಿ ಸ್ಕೂಲಲ್ಲಿ ಓದಿದೋನು ಒಂದೇ ಬೆರಳಲ್ಲಿ ಕುಟ್ಟಿ ನಿನ್ನ ಹೆಸರನ್ನ ನೀಲಿ ಬಣ್ಣದಲ್ಲಿ ತೆಗೆದೆ! ಆ ಪ್ರಿಂಟರ್ ಕಂಪನಿಯೋರು ಎಮ್ಮೆ ಪುಕ್ಕಟೆ ಕೊಟ್ಟು ಹಿಂಡಿಗೆ ಆಸ್ತಿ ಬರೆಸಿಕೊಳ್ಳೋ ಪೈಕಿ. ಮಿಷನ್ನು ಅಗ್ಗ, ಇಂಕಿನ ಡಬ್ಬಿ ಕೇಳಿದರೆ ಮಿಷನ್ನಿನ ಅರ್ಧ ರೇಟು. ಅದೂ ನಾಲ್ಕು ಹಾಳೆ ಹೊರಗೆ ಬರೋದರೊಳಗೆ ಗೊರಗೊರ ಅಂತ ಗಂಟಲು ಕಟ್ಟಿಕೊಳ್ಳುತ್ತೆ. ನಾನು ಬಿಟ್ಟೇನಾ? ದನದ ಇಂಜೆಕ್ಷನ್ ಸೂಜಿಯಲ್ಲಿ ಸೀಸೆ ಇಂಕು ಹೀರಿ ಡಬ್ಬಿಗೆ ಚುಚ್ಚಿದೆ. ಒಂದು ಸಲ ಒದರಿಕೊಂಡು ಆಮೇಲೆ ತೆಪ್ಪಗೆ ಕೆಲಸ ಮಾಡಿತು.

ಮೊದಲ ಪತ್ರಿಕೆ ಕೊತ್ತಗೆರೆಗೆ, ಗಂಡಿನ ಮನೆ ದೇವರ ಮುಂದಿಡೋಕೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚು ಅಂದರೆ ನಿಮ್ಮಮ್ಮ ಗೋಡೆಗೆ ಸುಣ್ಣ ಬಳಿಯೋ ಹಾಗೆ ನೀರುನೀರಾಗಿ ಬಳಿದಳು. ನಾನು ಒಯ್ದು ಅಲ್ಲಿ ಬಿಚ್ಚಿದರೆ ನಿನ್ನ ಹೆಸರಿದ್ದ ಜಾಗದಲ್ಲಿ ಒಂದು ಹಸಿರು ಕಲೆ. ಗಂಡಿನ ತಾತ ಅಡವಿಯಪ್ಪ ಅಂದದ್ದು ನಿನ್ನ ಕಿವಿಗೂ ಬಿತ್ತು: "ಹೆಸರೇ ನಿಲ್ದಿರೋ ಹೆಣ್ಣು ಮನೇಲಿ ನಿಂತಾಳಾ? ಈ ಲಗ್ನ ಬ್ಯಾಡ ಬುಡಿ."

ಕರಗಿದ್ದು ಇಂಕು ಕಣೇ, ನಿನ್ನ ಹಣೆಬರಹ ಅಲ್ಲ. ನಿನ್ನೆ ಕುಣಿಗಲ್ಲಲ್ಲಿ ಬಸ್ಸು ಬದಲಾಯಿಸಿ ಮತ್ತೆ ಕೊತ್ತಗೆರೆಗೆ ಹೋದೆ. ಅದೇ ಪ್ರಿಂಟರಿನಲ್ಲಿ ಆ ಮನೆ ಗಂಡಸರ ಹೆಸರನ್ನೆಲ್ಲ ಸಾಲಾಗಿ ತೆಗೆದು ಜೇಬಲ್ಲಿಟ್ಟುಕೊಂಡಿದ್ದೆ. ಜಗಲಿ ತುಂಬ ಜನ. ಅವರ ಮನೆ ಅರಿಶಿನವನ್ನೇ ಈಸಿಕೊಂಡು, ಅವರ ಮನೆ ನೀರಲ್ಲೇ ಕಲಸಿ ಹಾಳೆ ಮೇಲೆ ಎಳೆದೆ. ಎಲ್ಲರಿಗಿಂತ ಮೊದಲು ಕರಗಿ ಹರಿದುಹೋದದ್ದು ಅಡವಿಯಪ್ಪನವರೇ! "ಯಜಮಾನ್ರೇ, ಈಗ ಈ ಮನೇಲಿ ನಿಲ್ಲೋರು ಯಾರು?" ಅಂದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮುದುಕ ಹಾಳೆ ನೋಡಿದ, ನನ್ನ ನೋಡಿದ. "ಏನ್ಲಾ ಮಾಲಿಂಗಾ, ನನ್ನೇ ತೊಳ್ದಾಕ್ಬುಟ್ಯಲ್ಲೋ" ಅಂತ ಎಲೆಅಡಿಕೆ ತಟ್ಟೆ ನನ್ನ ಕಡೆ ತಳ್ಳಿದ. ಗೊತ್ತು ಮಾಡಿದ ದಿನವೇ ಲಗ್ನ ಆಗಲಿ ಅಂತ ಅವರ ಬಾಯಿಂದಲೇ ಮಾತು ಬಂತು.

ಶಿವ ನಿನ್ನ ಬೆನ್ನ ಹಿಂದಿರಲಿ, ಅವನಿಗೆ ಪುರುಸೊತ್ತಿಲ್ಲದಿದ್ದರೆ ನಾನಿದೀನಿ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಸೋದರಮಾವ,
ಮಹಾಲಿಂಗಯ್ಯ

ವಿ.ಸೂ.: ಆ ತಟ್ಟೆ ನಾನು ಮುಟ್ಟಲಿಲ್ಲ, ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ತಾತ ನಿನ್ನನ್ನ ಅಂದ ದಿನ ಮದುವೆ ಗಂಡು ಮಲ್ಲಿಕಾರ್ಜುನ್ ಕಂಬಕ್ಕೊರಗಿ ನೆಲ ನೋಡ್ತಾ ನಿಂತಿದ್ದ. ನಿನ್ನೆ ಎಲ್ಲರೂ ನಕ್ಕ ಮೇಲೆ ಅವನೂ ನಕ್ಕ. ನಮ್ಮ ಹುಡುಗಿಯನ್ನ ಕೇಳಿ ಹೇಳ್ತೀನಿ ಅಂತ ಎದ್ದು ಬಂದಿದೀನಿ. ಬಾಳೋಳು ನೀನು. ಬೇಕು ಅನ್ನಿಸಿದರೆ ಬೇಕು ಅಂತ ಬರಿ. ಬೇಡ ಅನ್ನಿಸಿದರೆ ಹೆದರದೆ ಬೇಡ ಅಂತಲೇ ಬರಿ, ಊರಿನ ಬಾಯಿಗೆಲ್ಲ ನನ್ನ ಒಂದು ಬಾಯಿ ಸಾಕು.