ಬಂಟಿಯ ಒಣ ಪಾದಗಳು

ಜುಲೈ ೭, ಸೋಮವಾರ, ಬೆಳಗಾವಿ

ನಮ್ಮ ಬಂಟಿ ಖಾನಾಪುರದಿಂದ ನನ್ನನ್ನು ಹುಡುಕಿಕೊಂಡು ತವರಿಗೇ ಬಂದುಬಿಟ್ಟಿದೆ! ಎಷ್ಟು ಮುದ್ದಾಡಿದೆನೋ! ಮದುವೆಯಾದ ಮೊದಲ ಆಷಾಢ, ಗಂಡ ಅನಿಕೇತರ ಮುಖ ನೋಡುವಂತಿಲ್ಲ. ಅವರ ನಾಯಿಯಾದರೂ ಬಂತು.

ಫೋನಿನಲ್ಲಿ ಅನಿಕೇತ ಸೈನ್ಸ್ ಮಾಸ್ತರರ ಗತ್ತಿನಲ್ಲೇ ಹೇಳಿದರು: "ಅದರ ಮಿದುಳಿನ್ಯಾಗ ದಿಕ್ಕು ತೋರ್ಸೂ ನರಕೋಶ ಅದಾವ. ತಲಿ ತಿರುಗಿದಂಗ ಒಂದೊಂದ ಎಚ್ಚರ ಆಗ್ತಾವ."

ಇರಬಹುದು. ಆದರೆ ಆ ಕೋಶಗಳು ತಲೆ ಯಾವ ಕಡೆಗಿದೆ ಎಂದಷ್ಟೇ ಹೇಳುತ್ತವೆ; ಬಂಟಿ ಎಂದೂ ನೋಡದ ಈ ಮನೆಯ ವಿಳಾಸ ಹೇಳುವುದಿಲ್ಲ. ಇಷ್ಟು ಮಳೆಯಲ್ಲೂ ಅದರ ಪಾದಗಳು ಒಣಗಿದ್ದವು! ಕಾರಿನಲ್ಲಿ ತಂದು ಗೇಟಿನ ಮುಂದೆ ಬಿಟ್ಟವರು ಇವರೇ ಇರಬೇಕು.

"ನಾನ ಬಂದ ಒಯ್ತೇನಿ" ಎಂದಾಗ ಅನುಮಾನ ಗಟ್ಟಿಯಾಯಿತು. ಅವ್ವ ಫೋನ್ ಕಸಿದುಕೊಂಡಳು: "ನಾಯಿ ಮಿದುಳ ಇರ್ಲಿ ಅಳಿಯಾರ, ಆಷಾಢದಾಗ ನೀವ ಬರಬ್ಯಾಡ್ರಿ. ತಂಗೀನ ಕಳಸ್ರಿ."

ಅಯ್ಯೋ! ನಾದಿನಿ ನಿಖಿತಾ ಬರುತ್ತಾಳೆ, ಗುರುವಾರ, ಬೆಳಗಿನ ಮಿರಜ ಪ್ಯಾಸೆಂಜರ್‌ಗೆ.