ಒಡೆದ ದನಿಯ ರಿಪೇರಿ

ಬೈಲಹೊಂಗಲ, ಸೋಮವಾರ

ಕಿತ್ತೂರಿನ ಬಸಯ್ಯ ಕಾಕಾ ಅವರಿಗೆ ಶಿವಾನಿಯ ನಮಸ್ಕಾರ.

ಅಪ್ಪನ ಗಿಟಾರ್ ಆಂಪ್ಲಿಫೈಯರ್ ತಲುಪಿತು. ಫ್ಯೂಸ್ ಹಾಕಿಕೊಡಿ ಎಂದಷ್ಟೇ ಕೇಳಿದ್ದೆ. ನೀವು ಅದರ ಹೊಟ್ಟೆ ಬಗೆದು, ಬಲ್ಬಿನಂತೆ ಉರಿಯುವ ಗಾಜಿನ ವಾಲ್ವ್‌ಗಳನ್ನೆಲ್ಲ ಕಿತ್ತು, ಟ್ರಾನ್ಸಿಸ್ಟರ್ ಬೋರ್ಡು ಕೂರಿಸಿದ್ದೀರಿ. "ತಂಗೀ, ಇನ್ನ ಎಷ್ಟ ಜೋರ್ ಇಟ್ರೂ ದನಿ ಒಡಿಯಂಗಿಲ್ಲ ನೋಡವಾ" ಎಂದು ಫೋನಿನಲ್ಲಿ ಹಿಗ್ಗಿದಿರಿ.

ಮಠದ ಪ್ರವಚನಕ್ಕೆ ಮೈಕು ಹಚ್ಚುವ ನಿಮಗೆ ಒಡೆದ ದನಿ ಒಂದು ರೋಗ. ಬ್ರಿಟಿಷ್ ರಾಕ್ ಗಿಟಾರಿಗೆ ಅದೇ ಜೀವ, ಕಾಕಾ. ವಾಲ್ವ್ ಕಾದು, ವಾಲ್ಯೂಮ್ ತುದಿಗೇರಿ, ನಡುವಿನ ಸ್ವರಗಳು ಎದೆಯುಬ್ಬಿಸಿ ಮುಂದೆ ಬಂದು ಒರಟಾಗಿ ಒಡೆಯಬೇಕು. ಅಪ್ಪ ರಾಮದುರ್ಗದ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ನುಡಿಸಿದ್ದು ಆ ದನಿಯನ್ನೇ. ನೀವೋ ಕಿತ್ತೂರಿನವರು, ಪೆಟ್ಟಿಗೆಯೊಳಗಿನ ಬ್ರಿಟಿಷರನ್ನೂ ಓಡಿಸದೆ ಬಿಡಲಿಲ್ಲ.

ಕಿತ್ತ ವಾಲ್ವ್‌ಗಳನ್ನೂ ಹಳೆಯ ಟ್ರಾನ್ಸ್‌ಫಾರ್ಮರನ್ನೂ ಗುಜರಿಗೆ ಹಾಕಿರದಿದ್ದರೆ, ಹತ್ತಿಯಲ್ಲಿ ಸುತ್ತಿ ಬೈಲಹೊಂಗಲ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿ. ಹಾಕಿದ್ದರೆ ಹಾಗೆಂದೇ ಬರೆಯಿರಿ. ದಯವಿಟ್ಟು ಇನ್ನೊಮ್ಮೆ ರಿಪೇರಿ ಮಾಡಿಕೊಡುತ್ತೇನೆ ಎನ್ನಬೇಡಿ.

ಅಪ್ಪ ತೀರಿಕೊಂಡ ಮೇಲೆ, ನಾನು ಆ ಪೆಟ್ಟಿಗೆಗೆ ಗಿಟಾರ್ ಹಚ್ಚಿ ನುಡಿಸುವಾಗಲೆಲ್ಲ ಅವ್ವ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ನಿನ್ನೆ ನುಡಿಸಿದಾಗ ಬರಲಿಲ್ಲ. ಅಡುಗೆಮನೆಯಿಂದಲೇ ಕೂಗಿದಳು:

"ಹೊಸಾದು ತಂದಿಯೇನ? ಅಪ್ಪಂದು ಎಲ್ಲೆ ಇಟ್ಟಿ?"

ನಿಮ್ಮ ಹೆಸರು ಹೇಳದೆ ಸ್ವಿಚ್ ಆರಿಸಿದೆ.

ನಿಮ್ಮ ಅಣ್ಣನ ಮಗಳು,
ಶಿವಾನಿ